ಡಂಡೀಯ ನದಿ ದಡದ ವಿನ್ಯಾಸ ಮ್ಯೂಸಿಯಂ: ಎಡಿನ್‌ಬರೋದಿಂದ ಒಂದು ದಿನ ಮೀಸಲಿಡಬಹುದಾ?

ಬದಿಯಡ್ಕ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗುವವರಿದ್ದೇವೆ. ಒಂದು ದಿನ ಅಲ್ಲಿಂದ ಡಂಡೀ ಎಂಬ ಊರಿಗೆ ಹೋಗಿ ಅಲ್ಲಿನ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ವಿನ್ಯಾಸ ಮ್ಯೂಸಿಯಂ ನೋಡಬೇಕು ಅಂತ ಮಗಳ ಹಟ. ಫೋಟೋ ಕಳಿಸಿದ್ದಾಳೆ. ಟೇ ನದಿಯ ದಡದಲ್ಲಿ ಓರೆಯಾಗಿ ನಿಂತ ದೊಡ್ಡ ಕಟ್ಟಡ. ಒಂದು ಗೋಡೆಯೂ ನೆಟ್ಟಗಿಲ್ಲ. ನನಗಂತೂ ನೋಡಿದ ಕೂಡಲೇ ಆಸೆ ಹುಟ್ಟಿತು.

ಮನೆಯವಳದ್ದು ಬೇರೆ ಲೆಕ್ಕ. "ಕಟ್ಟಡದ ಹೊರಮೈ ನೋಡಲು ಅಷ್ಟು ದೂರ ಹೋಗಬೇಕಾ? ಒಳಗೆ ಎಂತ ಉಂಟು?" ಅಂತ ಕೇಳುತ್ತಾಳೆ. ಅವಳಿಗೆ ಮೊಣಕಾಲು ನೋವು ಬೇರೆ. ಹೋದವರು ಯಾರಾದರೂ ಇದ್ದರೆ ಹೇಳಿ. ಒಳಗೆ ನೋಡುವಂಥದ್ದು ಏನಿದೆ? ನಡಿಗೆ ಎಷ್ಟು? ಒಂದು ದಿನ ಕೊಡಬಹುದಾ?

ಅಬರ್ಡೀನ್_ಕುಂಬಳೆ
ಖಂಡಿತ ಹೋಗಿ ಮೇಷ್ಟ್ರೇ. ಡಂಡೀ ರೈಲು ನಿಲ್ದಾಣದಿಂದ ಹೊರಗೆ ಬಂದರೆ ರಸ್ತೆಯ ಆಚೆ ಮ್ಯೂಸಿಯಂ ಕಾಣುತ್ತದೆ. ಬಸ್ಸು, ಟ್ಯಾಕ್ಸಿ ಏನೂ ಬೇಡ. ಎಡಿನ್‌ಬರೋದಿಂದ ರೈಲಿನಲ್ಲಿ ಹೆಚ್ಚು ಕಡಿಮೆ ಒಂದೂಕಾಲು, ಒಂದೂವರೆ ಗಂಟೆ. ಒಳಗೆ ಲಿಫ್ಟ್ ಉಂಟು, ಕೂರಲು ಜಾಗ ಉಂಟು, ಕೆಳಗೇ ಕೆಫೆ ಉಂಟು. ಅತ್ತಿಗೆಗೆ ತೊಂದರೆ ಆಗದು.

ಕಾಯಂ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ದೊಡ್ಡ ಸಭಾಂಗಣದಲ್ಲಿ ಆಗಾಗ ಬದಲಾಗುವ ಪ್ರದರ್ಶನಕ್ಕೆ ಮಾತ್ರ ಟಿಕೆಟ್. ಹೊರಡುವ ಮೊದಲು ಆ ದಿನ ತೆರೆದಿದೆಯಾ ಅಂತ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಉಪ್ಪಳ_ಗೇಟ್
ನಾನು ಹೋಗಿದ್ದೇನೆ. ಹೊರಗಿನಿಂದ ಭಾರೀ ಚೆನ್ನಾಗಿದೆ. ಒಳಗೆ ಹೋದರೆ ನಿರಾಸೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಕಾಯಂ ಪ್ರದರ್ಶನಕ್ಕೆ ಕೊಟ್ಟ ಜಾಗ ಸ್ವಲ್ಪವೇ. ವಸ್ತುಗಳು ಒಟ್ಟು 300 ಇರಬಹುದು. ಉಳಿದದ್ದೆಲ್ಲ ಖಾಲಿ ಹಾಲ್, ಅಂಗಡಿ, ಹೋಟೆಲ್. ಲಂಡನ್ನಿನ ಮೂಲ ವಿ ಅಂಡ್ ಎ ನೋಡಿದವರಿಗೆ ಇದು ಏನೂ ಅಲ್ಲ. ಇದಕ್ಕೆ 8 ಕೋಟಿ ಪೌಂಡ್ ಸುರಿದಿದ್ದಾರೆ.

ಮುರಕಲ್ಲು
ಉಪ್ಪಳದವರೇ, ನಿಮ್ಮ ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ನಾನು ಸಿವಿಲ್ ಎಂಜಿನಿಯರ್. ನನ್ನ ಮಟ್ಟಿಗೆ ಅಲ್ಲಿ ಪ್ರದರ್ಶನಕ್ಕಿಟ್ಟ ಮೊದಲ ವಸ್ತು ಆ ಕಟ್ಟಡವೇ. ವಿನ್ಯಾಸದ ಮ್ಯೂಸಿಯಂ ಅಂದ ಮೇಲೆ ಅದನ್ನು ಬಿಟ್ಟು ಲೆಕ್ಕ ಹಾಕುವುದು ಹೇಗೆ?

ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ಮಾಡಿದ ವಿನ್ಯಾಸ. 2010ರಲ್ಲಿ ಸ್ಪರ್ಧೆಯಲ್ಲಿ ಗೆದ್ದರು. 2015ರಲ್ಲಿ ಕೆಲಸ ಶುರು, 2018ರ ಸೆಪ್ಟೆಂಬರ್ 15ಕ್ಕೆ ಬಾಗಿಲು ತೆರೆಯಿತು. ಸ್ಕಾಟ್ಲೆಂಡಿನ ಕಡಲ ಕಡಿದಾದ ಬಂಡೆಗಳನ್ನು ನೋಡಿ ಅವರಿಗೆ ಈ ಯೋಚನೆ ಬಂದದ್ದು. ಹೊರಮೈಯಲ್ಲಿ ಸುಮಾರು 2,500 ಕಲ್ಲಿನ ಹಲಗೆಗಳಿವೆ. ಅವು ಕ್ವಾರಿಯಿಂದ ಕಡಿದು ತಂದ ಕಲ್ಲಲ್ಲ. ಜಲ್ಲಿ, ಸಿಮೆಂಟ್ ಸೇರಿಸಿ ಅಚ್ಚಿನಲ್ಲಿ ಎರೆದದ್ದು. ಕೆಲವು 4 ಮೀಟರ್ ಉದ್ದ, 3 ಟನ್‌ವರೆಗೆ ಭಾರ. ಒಂದರ ಮೇಲೊಂದು ಅಡ್ಡಡ್ಡ ಸಾಲಾಗಿ, ನಡುವೆ ಸಂದು ಬಿಟ್ಟು ಕೂರಿಸಿದ್ದಾರೆ. ಬಿಸಿಲು ತಿರುಗಿದ ಹಾಗೆ ನೆರಳಿನ ಗೆರೆಗಳೂ ತಿರುಗುತ್ತವೆ. ಅದಕ್ಕೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುತ್ತು ಹಾಕಿ ನೋಡಬೇಕು.

ಇನ್ನು ಗೋಡೆ. ಅಡಿಕೆ ಹಾಳೆಯನ್ನು ಚಪ್ಪಟೆ ಮಾಡಿ ನಿಲ್ಲಿಸಿದರೆ ಬೀಳುತ್ತದೆ, ಬಗ್ಗಿಸಿ ನಿಲ್ಲಿಸಿದರೆ ನಿಲ್ಲುತ್ತದೆ ಅಲ್ವಾ? ಇಲ್ಲಿಯೂ ಅದೇ. ಕಾಂಕ್ರೀಟ್ ಗೋಡೆ ಹೊರಕ್ಕೆ ವಾಲಿದೆ, ಜೊತೆಗೆ ತಿರುಚಿದೆ. ಬಾಗಿದ್ದರಿಂದಲೇ ಅದಕ್ಕೆ ಬಲ. ಆದರೂ ಮೇಲೆ ಛಾವಣಿ ಸೇರಿ ಎಲ್ಲ ಒಂದಾಗುವವರೆಗೆ ಅದು ತನ್ನಷ್ಟಕ್ಕೆ ನಿಲ್ಲದು. ಅಲ್ಲಿಯವರೆಗೆ ಆಧಾರ ಕೊಟ್ಟು ಹಿಡಿದಿದ್ದರು. ಎಂಜಿನಿಯರಿಂಗ್ ಲೆಕ್ಕ ಮಾಡಿದ್ದು ಅರುಪ್ ಕಂಪನಿ. ಕಂಪ್ಯೂಟರ್ ಮಾದರಿ ಇಲ್ಲದೆ ಇದನ್ನು ಕಟ್ಟಲು ಸಾಧ್ಯವೇ ಇರಲಿಲ್ಲ.

ನೀರ್ಚಾಲು_99
ಹಾಳೆಯ ಉದಾಹರಣೆ ಸೂಪರ್ ಅಣ್ಣ. ಈಗ ಅರ್ಥ ಆಯಿತು.

ಪೆರ್ಲದ_ಅತ್ತಿಗೆ
ನದಿ ದಡ ಅಂದರೆ ಪೂರ್ತಿ ನೀರಿನ ಮೇಲಾ?

ಮುರಕಲ್ಲು
ಇಲ್ಲ ಅತ್ತಿಗೆ. ಮೊದಲ ನಕ್ಷೆಯಲ್ಲಿ ನದಿಯ ಒಳಗೇ ನಿಲ್ಲಿಸುವ ಆಲೋಚನೆ ಇತ್ತು. ಖರ್ಚು ಜಾಸ್ತಿ ಆಗುತ್ತದೆ ಅಂತ ದಡದ ಕಡೆಗೆ ಸರಿಸಿದರು. ಈಗ ಹಡಗಿನ ಮೂತಿಯಂಥ ಒಂದು ಮೂಲೆ ಮಾತ್ರ ನೀರಿನ ಮೇಲೆ ಚಾಚಿದೆ. ಅದಕ್ಕೆ ಕಲ್ಲು ತುಂಬಿ ತಾತ್ಕಾಲಿಕ ಒಡ್ಡು ಕಟ್ಟಿ, ನೀರು ತಡೆದು, ಒಣ ಜಾಗದಲ್ಲಿ ಅಡಿಪಾಯ ಹಾಕಿದರು. ಕೆಲಸ ಮುಗಿದ ಮೇಲೆ ಒಡ್ಡು ತೆಗೆದರು.

ಉಪ್ಪಳ_ಗೇಟ್
ಖರ್ಚಿನ ಮಾತು ನೀವೇ ತೆಗೆದಿರಿ. ಮೊದಲು ಹೇಳಿದ್ದು 4.5 ಕೋಟಿ ಪೌಂಡ್. ಕೊನೆಗೆ ಆದದ್ದು 8 ಕೋಟಿಗೂ ಸ್ವಲ್ಪ ಮೇಲೆ. ಹೆಚ್ಚಿನದು ಸರ್ಕಾರದ ಮತ್ತು ಲಾಟರಿ ನಿಧಿಯ ಹಣ. ಡಂಡೀ ಶ್ರೀಮಂತ ಊರಲ್ಲ. ಬಡತನ ಜಾಸ್ತಿ ಇರುವ ಊರು. ಅಲ್ಲಿ ಮನೆ, ಕೆಲಸ, ಆಸ್ಪತ್ರೆ ಬಿಟ್ಟು ಹೀಗೆ ಓರೆ ಗೋಡೆ ಕಟ್ಟಿದರೆ ಯಾರಿಗೆ ಲಾಭ? ಹೋಟೆಲಿನವರಿಗೆ. ನನಗೆ ಇದು ಇಷ್ಟ ಆಗಲಿಲ್ಲ, ಅಷ್ಟೇ.

ಅಬರ್ಡೀನ್_ಕುಂಬಳೆ
ಆ ಪ್ರಶ್ನೆ ಡಂಡೀಯವರೂ ಕೇಳಿದ್ದಾರೆ, ಇನ್ನೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಜಾಗ ಮೊದಲು ಹೇಗಿತ್ತು ಅಂತ ಗೊತ್ತಿದ್ದರೆ ಸ್ವಲ್ಪ ಬೇರೆ ರೀತಿ ಕಾಣುತ್ತದೆ.

ಅದು ಬಂದರಿನ ಊರು. 1960ರ ದಶಕದಲ್ಲಿ ಟೇ ರಸ್ತೆ ಸೇತುವೆಗಾಗಿ ಹಳೆಯ ಹಡಗುಕಟ್ಟೆಗಳಿಗೆ ಮಣ್ಣು ತುಂಬಿಸಿದರು. ವಿಕ್ಟೋರಿಯಾ ರಾಣಿ ಊರಿಗೆ ಬಂದುಹೋದದ್ದರ ನೆನಪಿಗೆ ಕಟ್ಟಿದ ಕಲ್ಲಿನ ಕಮಾನನ್ನು 1964ರಲ್ಲಿ ಕೆಡವಿದರು. 1966ರಲ್ಲಿ ಸೇತುವೆ ಬಂತು. ಪೇಟೆಗೂ ನದಿಗೂ ನಡುವೆ ರಸ್ತೆಗಳು, ಕಾಂಕ್ರೀಟ್ ಕಟ್ಟಡಗಳು. ನದಿ ಪಕ್ಕದಲ್ಲೇ ಇದ್ದರೂ ಪೇಟೆಯಲ್ಲಿ ನಿಂತವರಿಗೆ ಕಾಣದು.

2001ರಿಂದ 30 ವರ್ಷದ ದೊಡ್ಡ ಯೋಜನೆ ಹಾಕಿ ಅದನ್ನೆಲ್ಲ ತಿದ್ದುತ್ತಿದ್ದಾರೆ. ನದಿಯುದ್ದಕ್ಕೂ 8 ಕಿಲೋಮೀಟರ್. ಮ್ಯೂಸಿಯಂ ಅದರ ಒಂದು ಭಾಗ. ಕುಮಾ ಮಾಡಿದ ಒಳ್ಳೆಯ ಕೆಲಸ ಅಂದರೆ ಕಟ್ಟಡದ ನಡುವೆ ದೊಡ್ಡ ದಾರಿ ಬಿಟ್ಟದ್ದು. ಕೆಳಗೆ ಎರಡು ಭಾಗ, ಮೇಲೆ ಒಂದಾಗುತ್ತದೆ. ಪೇಟೆಯ ಯೂನಿಯನ್ ಸ್ಟ್ರೀಟಿನ ನೇರಕ್ಕೆ ಆ ದಾರಿ ಬರುತ್ತದೆ. ಅದರ ಮೂಲಕ ನಡೆದರೆ ಸೀದಾ ನದಿ. ಅದಕ್ಕೆ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ. ಒಳಗೆ ಕಾಲಿಡದವರಿಗೂ ಆ ನದಿ ಸಿಕ್ಕಿತು. ನನಗೆ ಇದು ದೊಡ್ಡದು ಅನಿಸುತ್ತದೆ.

ಹೊಸಂಗಡಿ_ಕಟ್ಟೆ
ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಹನ್ನೆರಡು ಹೊಳೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಕಾಸರಗೋಡು ಪೇಟೆಯ ಹತ್ತಿರವೇ ಚಂದ್ರಗಿರಿ ಹೊಳೆ. ಕೂತು ನೋಡಲು ಒಂದು ಒಳ್ಳೆಯ ಜಾಗ ಮಾಡಲು ನಮಗೆ ಇಷ್ಟು ವರ್ಷ ಸಾಕಾಗಲಿಲ್ಲ. ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದ್ದೇ ಬಂತು.

ಬೇಕಲ_ಗಾಳಿ
ಬೇಕಲ ಕೋಟೆ ಉಂಟಲ್ಲ ಮಾರಾಯ್ರೇ. ಮೂರು ದಿಕ್ಕಿಗೂ ಸಮುದ್ರ. ಪೂರ್ತಿ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಆ ಕಟ್ಟಡದ ಮುಂದೆ ಯಾವ ಕುಮಾ?

ಮಂಜೇಶ್ವರ_ಓದುಗಿ
ಕೋಟೆ ಉಂಟು, ಸರಿ. ಅದರೊಳಗೆ ನಮ್ಮ ವಸ್ತು ಏನುಂಟು? ನೋಡಿ, ಫೋಟೋ ತೆಗೆದು ವಾಪಸ್ ಬರುತ್ತೇವೆ. ನಾನು ಮೇಷ್ಟ್ರ ಮನೆಯವರ ಪ್ರಶ್ನೆಯ ಪಕ್ಷ. "ಒಳಗೆ ಎಂತ ಉಂಟು?" ಅದೇ ಮುಖ್ಯ.

ಡಂಡೀಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಓಕ್ ರೂಮ್. ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಎಂಬ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ 1907-08ರಲ್ಲಿ ಗ್ಲಾಸ್ಗೋದ ಒಂದು ಚಹಾದಂಗಡಿಗೆ ಮಾಡಿದ ಕೋಣೆ. ಮಿಸ್ ಕ್ರ್ಯಾನ್‌ಸ್ಟನ್ ಎಂಬ ಹೆಂಗಸು ನಡೆಸುತ್ತಿದ್ದ ಅಂಗಡಿ. 1970ರ ದಶಕದ ಆರಂಭದಲ್ಲಿ ಅದನ್ನು ಬಿಚ್ಚಿ, ತುಂಡು ತುಂಡಾಗಿ ಗೋದಾಮಿನಲ್ಲಿ ಇಟ್ಟಿದ್ದರು. ಹತ್ತಿರ ಹತ್ತಿರ 50 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮತ್ತೆ ಜೋಡಿಸಿ ಈ ಮ್ಯೂಸಿಯಂ ಒಳಗೆ ನಿಲ್ಲಿಸಿದ್ದಾರೆ. 13.5 ಮೀಟರ್ ಉದ್ದ, ಎರಡು ಅಂತಸ್ತಿನ ಎತ್ತರ. ಕಪ್ಪು ಮರ, ನಡುನಡುವೆ ಬಣ್ಣದ ಗಾಜು. ಮಂದ ಬೆಳಕು. ಒಂದು ಚಹಾದಂಗಡಿಗೆ ಇಷ್ಟು ಜೀವ ಸುರಿದರಾ ಅಂತ ಮೂಕಳಾಗಿ ನಿಂತೆ. ಉಪ್ಪಳದವರು ವಸ್ತು 300 ಅಂತ ಎಣಿಸಿದರು. ಈ ಕೋಣೆ ಒಂದೇ ಸಾಕು ನನಗೆ.

ಉಪ್ಪಳ_ಗೇಟ್
ಓಕ್ ರೂಮ್ ಚೆನ್ನಾಗಿದೆ, ಅದಕ್ಕೆ ಎರಡು ಮಾತಿಲ್ಲ. ಆದರೆ ಅದು 1907ರದ್ದು. ಹೊಸ ಕಟ್ಟಡಕ್ಕೆ ಅದರ ಪುಣ್ಯ ಹೋಗಬಾರದು.

ಮಂಜೇಶ್ವರ_ಓದುಗಿ
ಹೊಸ ಕಟ್ಟಡ ಬಾರದಿದ್ದರೆ ಅದು ಇನ್ನೂ ಗೋದಾಮಿನಲ್ಲೇ ಇರುತ್ತಿತ್ತು ಅಣ್ಣ.

ನೀರ್ಚಾಲು_99
ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಒಳಗೆ ಹೊಕ್ಕ ಕೂಡಲೇ ನೆಲ ನೋಡಿ. ಐರ್ಲೆಂಡಿನ ನೀಲಿ ಛಾಯೆಯ ಸುಣ್ಣಕಲ್ಲು. ಅದರಲ್ಲಿ ಪಳೆಯುಳಿಕೆಗಳು ಕಾಣುತ್ತವೆ. ಅಕ್ಕನ ಮಗ ಪ್ರದರ್ಶನ ನೋಡಲೇ ಇಲ್ಲ. ನೆಲದ ಮೇಲೆ ಬಗ್ಗಿಕೊಂಡು ಅದನ್ನೇ ಹುಡುಕಿದ.

ಇನ್ನೊಂದು, ಡಂಡೀ ವಿಡಿಯೋ ಗೇಮಿನ ಊರು. ಲೆಮ್ಮಿಂಗ್ಸ್, ಗ್ರ್ಯಾಂಡ್ ಥೆಫ್ಟ್ ಆಟೋ ಹುಟ್ಟಿದ್ದು ಅಲ್ಲಿ. ಬೀನೊ ಕಾಮಿಕ್ಸ್ ಸಹ ಅಲ್ಲಿನದ್ದೇ. 2014ರಲ್ಲಿ ಯುನೆಸ್ಕೋ ಅದಕ್ಕೆ ವಿನ್ಯಾಸ ನಗರ ಅಂತ ಮಾನ್ಯತೆ ಕೊಟ್ಟಿತು. ಬ್ರಿಟನ್ನಿನಲ್ಲಿ ಅದೇ ಮೊದಲು. ಅಂದರೆ ಮ್ಯೂಸಿಯಂ ಬಂದು ಊರಿಗೆ ಹೆಸರು ತಂದದ್ದಲ್ಲ. ಊರಿನಲ್ಲಿ ಮೊದಲೇ ಸರಕು ಇತ್ತು.

ಪೆರ್ಲದ_ಅತ್ತಿಗೆ
ಡಂಡೀ ಅಂದರೆ ಗೋಣಿಯ ಊರು ಅಲ್ವಾ? ನಮ್ಮ ಮಾವ ಅಡಿಕೆ ವ್ಯಾಪಾರ ಮಾಡುತ್ತಿದ್ದರು. ಗೋಣಿಯ ಚರಿತ್ರೆ ಹೇಳುವಾಗ ಆ ಊರಿನ ಹೆಸರು ಬರುತ್ತಿತ್ತು.

ಅಬರ್ಡೀನ್_ಕುಂಬಳೆ
ಹೌದು ಅತ್ತಿಗೆ, ಅದೇ ಊರು. ಬಂಗಾಳದ ಸೆಣಬು ಹಡಗಿನಲ್ಲಿ ಡಂಡೀಗೆ ಹೋಗುತ್ತಿತ್ತು. ಒಣ ಸೆಣಬು ಯಂತ್ರಕ್ಕೆ ಬಗ್ಗದು. ಅದನ್ನು ಮೆತ್ತಗೆ ಮಾಡಲು ತಿಮಿಂಗಿಲದ ಎಣ್ಣೆ ಬೇಕಿತ್ತು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು. ಎರಡೂ ಒಂದೇ ಕಡೆ ಸೇರಿ ಊರು ಬೆಳೆಯಿತು. ಆಮೇಲೆ ಕಲ್ಕತ್ತಾದಲ್ಲೇ ಮಿಲ್ಲುಗಳು ಎದ್ದವು. ಡಂಡೀಯ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು.

ಮೇಷ್ಟ್ರೇ, ನೀವು ಮ್ಯೂಸಿಯಂ ಒಂದನ್ನೇ ನೋಡಿ ಬರಬೇಡಿ. ವರ್ಡಂಟ್ ವರ್ಕ್ಸ್ ಅಂತ ಹಳೆಯ ಸೆಣಬಿನ ಮಿಲ್ಲು ಉಂಟು. 1833ರ ಕಟ್ಟಡ. ಈಗ ಅದೂ ಮ್ಯೂಸಿಯಂ. ಯಂತ್ರ ಓಡಿಸಿ ತೋರಿಸುತ್ತಾರೆ. ಮಿಲ್ಲಿನಲ್ಲಿ ದುಡಿದವರಲ್ಲಿ ಹೆಂಗಸರೇ ಜಾಸ್ತಿ. ಅವರಿಗೆ ಕಡಿಮೆ ಸಂಬಳ ಕೊಟ್ಟರೆ ಸಾಕು ಅಂತ ಮಾಲೀಕರ ಲೆಕ್ಕ. ಗಂಡಸರು ಎಷ್ಟೋ ಜನ ಮನೆಯಲ್ಲಿ ಕೂತು ಚಹಾ ಕಾಯಿಸುತ್ತಿದ್ದರು.

ಪೆರ್ಲದ_ಅತ್ತಿಗೆ
ನಮ್ಮ ಕಡೆ ಬೀಡಿ ಕಟ್ಟಿ ಸಂಸಾರ ಸಾಕಿದ ಹೆಂಗಸರ ಹಾಗೆಯೇ. ಅವರ ಕೈಯ ವೇಗ ನೋಡಬೇಕು. ಎಲೆ ಕತ್ತರಿಸುವುದು, ಸುರುಳಿ, ನೂಲು, ಎಲ್ಲ ಒಂದು ಉಸಿರಿನಲ್ಲಿ. ಆ ಮೊರ, ಆ ಕತ್ತರಿ, ಎಲೆಯ ಅಳತೆಗೆ ಇಟ್ಟುಕೊಳ್ಳುವ ತಗಡು, ಇದನ್ನೆಲ್ಲ ಯಾರಾದರೂ ಜೋಪಾನ ಮಾಡಿ ಇಟ್ಟಿದ್ದಾರಾ? ನನಗೆ ಬೇಸರ ಆಗುವುದು ಇದಕ್ಕೆ.

ಎಣ್ಮಕಜೆ
ಅತ್ತಿಗೆ ಸರಿಯಾದ ಕಡೆ ಕೈ ಇಟ್ಟರು. ವಿನ್ಯಾಸದ ಮ್ಯೂಸಿಯಂ ನಮ್ಮಲ್ಲಿ ಯಾಕೆ ಬೇಡ? ನಮ್ಮಲ್ಲಿ ಸರಕು ಕಡಿಮೆ ಉಂಟಾ? ತಲೆಗೆ ಮುಟ್ಟಾಳೆ. ಒಂದು ಹಾಳೆ, ಮಡಚಿ ಹೊಲಿದರೆ ಮುಗಿಯಿತು. ಭಾರ ಹೊರಲೂ ಆಗುತ್ತದೆ, ಬಿಸಿಲಿಗೂ ಆಗುತ್ತದೆ. ಅಡಿಕೆ ಮರ ಏರುವ ತಳೆ, ಉದ್ದನೆಯ ದೋಟಿ, ಮೆಟ್ಟುಕತ್ತಿ. ಯಕ್ಷಗಾನದ ಕಿರೀಟ, ಭುಜಕೀರ್ತಿ. ಹಗುರ ಮರ, ಅದರ ಮೇಲೆ ಬೇಗಡೆ. ಇಡೀ ರಾತ್ರಿ ಹೊತ್ತು ಕುಣಿಯಬೇಕು, ದೊಂದಿ ಬೆಳಕಿನಲ್ಲೂ ಹೊಳೆಯಬೇಕು. ಇದು ವಿನ್ಯಾಸ ಅಲ್ಲದೆ ಮತ್ತೆಂತ? ತೆಂಕಣದಲ್ಲಿ ತೆಯ್ಯಂನ ಮುಡಿ, ಬಡಗಿನಲ್ಲಿ ಭೂತದ ಅಣಿ. ಕಾಸರಗೋಡು ಸೀರೆ, ಭೌಗೋಳಿಕ ಮಾನ್ಯತೆ ಸಿಕ್ಕಿದ ಕೈಮಗ್ಗದ ಸೀರೆ. ನಮ್ಮ ಮದುವೆಗಳಲ್ಲಿ ಅದನ್ನು ಉಟ್ಟವರು ಎಷ್ಟು ಜನ?

ಎಲ್ಲಕ್ಕಿಂತ ದೊಡ್ಡದು ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆಯುತ್ತಾರೆ. ಹಾರೆ, ಪಿಕ್ಕಾಸು, ಒಂದು ದೀಪ. ಒಳಗೆ ಒಸರು ಸಿಗುವವರೆಗೆ ಕೊರೆದು, ನೀರನ್ನು ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ಹಾಗೆ ಮಾಡುತ್ತಾರೆ. ಪಂಪೂ ಬೇಡ, ಕರೆಂಟೂ ಬೇಡ. ನಮ್ಮ ತೋಟ ಬದುಕಿದ್ದು ಇದರಿಂದ. ಕೊರೆಯುವವರು ಈಗ ಬೆರಳೆಣಿಕೆ. ಅವರಿರುವಾಗಲೇ ಇದನ್ನು ದಾಖಲಿಸಿ, ಮಕ್ಕಳು ಒಳಗೆ ನಡೆದು ನೋಡುವ ಹಾಗೆ ಒಂದು ಕಡೆ ಮಾಡಿಡಬೇಕು.

ನೀರ್ಚಾಲು_99
ಇದಕ್ಕೆ ನೂರು ಲೈಕ್ ಕೊಡಬೇಕು.

ಹೊಸಂಗಡಿ_ಕಟ್ಟೆ
ಮಾಡಿದರೆ ಫಲಕ ಕನ್ನಡದಲ್ಲೂ ಇರಬೇಕು. ಮಲಯಾಳ ಇರಲಿ, ತುಳು ಇರಲಿ, ಇಂಗ್ಲಿಷ್ ಇರಲಿ. ಕನ್ನಡ ಬಿಟ್ಟು ಮಾತ್ರ ಬೇಡ. ಸಪ್ತಭಾಷೆಯ ಊರು ಅಂತ ಭಾಷಣ ಮಾಡುತ್ತಾರೆ, ಬೋರ್ಡ್ ಬರೆಯುವಾಗ ಮರೆಯುತ್ತಾರೆ.

ಬೇಕಲ_ಗಾಳಿ
ಒಪ್ಪಿದೆ. ಮಲಯಾಳ ಮನೆಮಾತಿನವನಾಗಿ ಹೇಳುತ್ತಿದ್ದೇನೆ, ಕನ್ನಡ ಇರಲೇಬೇಕು. ಜಾಗ ಎಲ್ಲಿ? ಸಮುದ್ರದ ದಡದಲ್ಲಿ ಡಂಡೀಯ ಹಾಗೆ ಓರೆ ಗೋಡೆಯ ಕಟ್ಟಡ ಬಂದರೆ ಹೇಗಿರುತ್ತದೆ!

ಮುರಕಲ್ಲು
ಅದು ಬೇಡ ಅಣ್ಣ. ಮೊದಲು ಕರಾವಳಿ ನಿಯಂತ್ರಣ ವಲಯದ ಕಾನೂನು ಬಿಡುವುದಿಲ್ಲ. ಬಿಟ್ಟರೂ ನಮ್ಮ ದಡದಲ್ಲಿ ಕಡಲ್ಕೊರೆತ ಹೇಗಿದೆ ಗೊತ್ತಲ್ಲ? ಪ್ರತಿ ಮಳೆಗಾಲ ತೆಂಗಿನ ಮರ, ರಸ್ತೆ ನುಂಗುತ್ತದೆ. ಎರಡನೆಯದು ಮಳೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಆ ಅಡ್ಡ ಹಲಗೆಗಳ ಸಂದಿನಲ್ಲಿ ನಮ್ಮಲ್ಲಾದರೆ ಒಂದೇ ಮಳೆಗಾಲಕ್ಕೆ ಪಾಚಿ, ಎರಡನೆಯದಕ್ಕೆ ಅಶ್ವತ್ಥದ ಗಿಡ. ಕುಮಾ ಅಲ್ಲಿನ ಬಂಡೆ ನೋಡಿ ಅಲ್ಲಿಗೆ ಕಟ್ಟಿದರು. ನಾವು ಆ ಗೋಡೆಯನ್ನು ನಕಲು ಮಾಡಿದರೆ ಅವರಿಂದ ಏನೂ ಕಲಿತ ಹಾಗಾಗಲಿಲ್ಲ.

ಹೊಳೆ ದಡದಿಂದ ಸ್ವಲ್ಪ ಮೇಲೆ, ಮುರಕಲ್ಲಿನ ಗೋಡೆ, ಉದ್ದ ಇಳಿಮಾಡು, ಹಂಚು. ಸಾಕು. ಅಥವಾ ಹಳೆಯ ಕಟ್ಟಡ ಬಳಸಬಹುದು. ಕೊಚ್ಚಿಯಲ್ಲಿ ಆಸ್ಪಿನ್‌ವಾಲ್ ಹೌಸ್ ನೋಡಿ. ನೀರಿನ ಅಂಚಿನ ಹಳೆಯ ಗೋದಾಮು. 2012ರಲ್ಲಿ ಕೊಚ್ಚಿ ಬಿನಾಲೆ ಎಂಬ ಕಲಾ ಪ್ರದರ್ಶನ ಅಲ್ಲಿ ಶುರು ಆಯಿತು. ಹೊಸ ಗೋಡೆ ಕಟ್ಟದೆ ಜಗತ್ತಿನ ಕಲಾವಿದರು ಬಂದರು.

ಉಪ್ಪಳ_ಗೇಟ್
ಈ ಮಾತಿಗೆ ನನ್ನ ಓಟು. ಇದನ್ನೇ ಮೊದಲಿನಿಂದ ಹೇಳುತ್ತಿದ್ದೇನೆ. ಗೋಡೆಗೆ ಕಡಿಮೆ, ವಸ್ತುವಿಗೆ ಜಾಸ್ತಿ.

ಮಂಜೇಶ್ವರ_ಓದುಗಿ
ಆದರೆ ಗೋಡೆ ಅಂದವಿಲ್ಲದಿದ್ದರೆ ಜನ ಬರುತ್ತಾರಾ? ಮೇಷ್ಟ್ರು ಆಸೆಪಟ್ಟದ್ದು ಫೋಟೋ ನೋಡಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯನ್ನು ಸ್ಮಾರಕ ಮಾಡಿದ್ದಾರೆ. ನಮ್ಮವರಲ್ಲೇ ಎಷ್ಟು ಜನ ಒಳಗೆ ಹೋಗಿದ್ದಾರೆ ಕೇಳಿ. ಡಂಡೀಯ ಕಟ್ಟಡ ರಸ್ತೆಯಲ್ಲಿ ಹೋಗುವವನನ್ನು ಕರೆಯುತ್ತದೆ. ಆ ಶಕ್ತಿಯನ್ನು ಸುಮ್ನೆ ತಳ್ಳಿಹಾಕಬೇಡಿ.

ಬದಿಯಡ್ಕ_ಮೇಷ್ಟ್ರು
ಎಷ್ಟೊಂದು ವಿಷಯ ಬಂತು! ಎಲ್ಲರಿಗೂ ವಂದನೆ. ಮನೆಯವಳಿಗೆ ಓದಿ ಹೇಳಿದೆ. ಓಕ್ ರೂಮ್ ಮತ್ತು ಗೋಣಿ ಮಿಲ್ಲು ಅಂದ ಮೇಲೆ ಅವಳೂ ಒಪ್ಪಿದಳು. ಸುರಂಗದ ಮಾತು ಬಂದಾಗ ಅವಳ ತವರಿನ ಸುರಂಗದ ಕತೆ ಅರ್ಧ ಗಂಟೆ ಹೇಳಿದಳು. ಎಣ್ಮಕಜೆಯವರೇ, ಆ ವಿಷಯ ಬೇರೆ ಎಳೆಯಾಗಿ ಶುರು ಮಾಡಿ, ನಾನೂ ಬರೆಯುತ್ತೇನೆ.

ಮ್ಯೂಸಿಯಂ ಪಕ್ಕದಲ್ಲಿ ಹಳೆಯ ಹಡಗು ಒಂದು ಫೋಟೋದಲ್ಲಿ ಕಾಣುತ್ತದಲ್ಲ, ಅದರೊಳಗೆ ಬಿಡುತ್ತಾರಾ?

ಅಬರ್ಡೀನ್_ಕುಂಬಳೆ
ಬಿಡುತ್ತಾರೆ, ಟಿಕೆಟ್ ಉಂಟು. ಅದು ಡಿಸ್ಕವರಿ. ಡಂಡೀಯಲ್ಲೇ ಕಟ್ಟಿ 1901ರಲ್ಲಿ ನೀರಿಗಿಳಿಸಿದ್ದು. ಕ್ಯಾಪ್ಟನ್ ಸ್ಕಾಟ್ ಅಂಟಾರ್ಕ್ಟಿಕಾಕ್ಕೆ ಹೋದದ್ದು ಅದರಲ್ಲಿ. ಶ್ಯಾಕಲ್ಟನ್ ಸಹ ಜೊತೆಗಿದ್ದರು. ಹಡಗಿನೊಳಗಿನ ಮೆಟ್ಟಿಲು ಕಡಿದು. ಅತ್ತಿಗೆ ಮೊಣಕಾಲಿಗೆ ಕಷ್ಟ ಆದೀತು. ನೀವು, ಮಗಳು ಹಡಗು ಹತ್ತಿ. ಅವರು ಅಷ್ಟು ಹೊತ್ತು ಮ್ಯೂಸಿಯಂ ಕೆಫೆಯಲ್ಲಿ ಬೆಚ್ಚಗೆ ಕೂರಲಿ.

ಬೆಳಿಗ್ಗೆ ವರ್ಡಂಟ್ ವರ್ಕ್ಸ್, ಮಧ್ಯಾಹ್ನದ ಮೇಲೆ ಮ್ಯೂಸಿಯಂ. ಇದು ನನ್ನ ಸಲಹೆ. ಮೇ ತಿಂಗಳಾದರೂ ಟೇ ನದಿಯ ಗಾಳಿ ಚಳಿ ಹಿಡಿಸುತ್ತದೆ. ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಮೇನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಹಾಗಾಗಿ ಮುರಕಲ್ಲು ಅವರು ಹೇಳಿದ ಸಂಜೆಯ ನೆರಳು ನೋಡಲು ಅವಸರ ಬೇಡ.

ಮುರಕಲ್ಲು
ರೈಲಿನಲ್ಲಿ ಹೋಗುವಾಗ ಎರಡು ಸೇತುವೆ ಬರುತ್ತದೆ ಮೇಷ್ಟ್ರೇ, ನಿದ್ದೆ ಮಾಡಬೇಡಿ. ಮೊದಲು ಫೋರ್ತ್ ಸೇತುವೆ, 1890ರದ್ದು, ಕೆಂಪು ಉಕ್ಕು. 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಡಂಡೀ ಹತ್ತಿರ ಬರುವಾಗ ಟೇ ರೈಲು ಸೇತುವೆ, 1887ರದ್ದು. ಅದಕ್ಕೂ ಮೊದಲಿನ ಸೇತುವೆ 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ರೈಲಿನ ಸಮೇತ ನದಿಗೆ ಬಿತ್ತು. ಅದರ ಕಂಬಗಳ ಬುಡ ಇಂದಿಗೂ ನೀರಿನಲ್ಲಿ ಸಾಲಾಗಿ ಕಾಣುತ್ತದೆ. ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ್ದರ ಫಲ. ನಮ್ಮ ವೃತ್ತಿಯವರಿಗೆ ಕಾಲೇಜಿನಲ್ಲಿ ಕಲಿಸುವ ಪಾಠ ಅದು.

ಬದಿಯಡ್ಕ_ಮೇಷ್ಟ್ರು
ಯಾವ ಬದಿಯಲ್ಲಿ ಕೂತರೆ ಕಾಣುತ್ತದೆ?

ಮುರಕಲ್ಲು
ಎಡಿನ್‌ಬರೋದಿಂದ ಹೋಗುವಾಗ ಬಲಬದಿ. ಹಳೆಯ ಕಂಬಗಳೂ ಆ ಕಡೆಗೆ, ಡಂಡೀ ಪೇಟೆಯೂ ಆ ಕಡೆಗೆ.

ಪೆರ್ಲದ_ಅತ್ತಿಗೆ
ಗೋಣಿ ಮಿಲ್ಲಿನ ಫೋಟೋ ಹಾಕಲು ಮರೆಯಬೇಡಿ ಮೇಷ್ಟ್ರೇ. ಯಂತ್ರ ಓಡುವ ವಿಡಿಯೋ ಸಿಕ್ಕಿದರೆ ಅದನ್ನೂ ಹಾಕಿ.